ಪೆಟ್ಟಿಗೆಯಲ್ಲಿ ಇಲ್ಲದ ಹಾಳೆ

ಊರಿನ ಬಡವರ ಲೆಕ್ಕ ಬರೆದಿಡುತ್ತಿದ್ದ ಚರ್ಚಿನ ಹಳೇ ಪುಸ್ತಕದಲ್ಲಿ ೧೮೨೩ರ ಒಂದು ಹಾಳೆ ಇರಲಿಲ್ಲ. ಬುಡದಲ್ಲಿ ಬ್ಲೇಡಿನ ಗೀರು ಮಾತ್ರ ಉಳಿದಿತ್ತು.

"ಹೋದ ವಾರ ಇಲ್ಲೇ ಇತ್ತು ಕಣಮ್ಮಾ! ಸುಸಾನಾ ಹೆಸರು ಓದಿ ಮುಂದಕ್ಕೆ ಹೋಗೋದ್ರೊಳಗೆ ಉಸ್ತುವಾರಿ ಆಸ್ಕ್ಯೂ ಪುಸ್ತಕ ಮುಚ್ಚಿಬಿಟ್ರು," ಎಂದಳು ಡಾರ್ಕಸ್ ಹಿಬರ್ಟ್.

ಎಪ್ಪತ್ತೆಂಟರ ಡಾರ್ಕಸ್ ಇರುವುದು ಚರ್ಚಿನ ಧರ್ಮದ ಮನೆಯಲ್ಲಿ. ಈ ಊರಿಗೇ ಸೇರಿದ ಹಳೇ ಬಡ ಕುಟುಂಬದವರಿಗೆ ಮಾತ್ರ ಆ ಮನೆ. ತಾನು ಅಂಥವಳೆಂದು ಶುಕ್ರವಾರದೊಳಗೆ ರುಜುವಾತು ಕೊಡದಿದ್ದರೆ ಬೀದಿಯೇ ಗತಿ. ಅವಳ ಪೂರ್ವಜೆ ಸುಸಾನಾಳನ್ನು, ಅವಳ ಸ್ವಂತ ಊರು ಇದೇ ಎಂದು ಪಕ್ಕದ ಊರಿನವರು ಇಲ್ಲಿಗೆ ವಾಪಸು ಅಟ್ಟಿದ ಆದೇಶ ಆ ಹಾಳೆಯಲ್ಲಿತ್ತು.

ನಾನು ಮಾಡ್ಜ್ ಥರ್ಲೋ. ಪೊಲೀಸ್ ಕೆಲಸದಿಂದ ನಿವೃತ್ತಳಾದ ಮೇಲೆ ಜನರ ವಂಶ ಹುಡುಕಿಕೊಡುತ್ತೇನೆ.

ಪುಸ್ತಕ ಇಡುವ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ಪಾದ್ರಿ ಲಾಂಬರ್ಟ್ ಬಳಿ, ಇನ್ನೊಂದರದು ಧರ್ಮದ ಮನೆಗಳ ಉಸ್ತುವಾರಿ ಗಿಲ್ಬರ್ಟ್ ಆಸ್ಕ್ಯೂ ಬಳಿ. ಪಾದ್ರಿಯ ಮೇಜಿನ ಮೇಲೆ ಬ್ಲೇಡ್ ಕಂಡಿತು.

"ಅದು ಪೋಸ್ಟರ್ ಕತ್ತರಿಸೋಕೆ," ಪಾದ್ರಿ ಬ್ಲೇಡನ್ನು ಪಕ್ಕಕ್ಕೆ ಸರಿಸಿದರು. "ನನ್ನ ಕೀಲಿ ಬಾಗಿಲ ಹಿಂದೆ ಮೊಳೆಗೆ ನೇತಾಕಿರ್ತೀನಿ. ಊರಿಗೆಲ್ಲ ಗೊತ್ತು."

ಹಾಗಾದರೆ ಅದು ಯಾರ ಕೈಗಾದರೂ ಸಿಗುತ್ತದೆ. ಆಸ್ಕ್ಯೂನ ಕೀಲಿ ಮಾತ್ರ ಅವನ ಜೇಬು ಬಿಟ್ಟು ಕದಲದು. ಆದರೆ ಆ ಹಾಳೆಯ ಮೇಲೆ ಅವನಿಗೇನು ದ್ವೇಷ?

* * *

ಮರುದಿನ ಸಂಜೆ ಆಸ್ಕ್ಯೂ ನನ್ನನ್ನೂ ಡಾರ್ಕಸಳನ್ನೂ ಚರ್ಚಿನ ದಾಖಲೆ ಕೋಣೆಗೆ ಕರೆಸಿದ. ಕಿಟಕಿಯಿಲ್ಲದ ಕಲ್ಲಿನ ಗೂಡು. ಒಳಗೆ ಬಂದವನೇ ಬಾಗಿಲಿಗೆ ಬೀಗ ಜಡಿದ. ಫೋನಿಗೆ ಸಿಗ್ನಲ್ ಇಲ್ಲ. ನಿಜ ಹೇಳಬೇಕೆಂದರೆ ಹೆದರಿದೆ.

"ಮನೆ ಬಿಡ್ತೀನಿ ಅಂತ ರುಜು ಹಾಕಿ, ಡಾರ್ಕಸ್. ಆಮೇಲೆ ಬಾಗಿಲು."

ಡಾರ್ಕಸ್ ಪೆನ್ನು ಎತ್ತಿಕೊಂಡಳು.

"ಕೆಳಗಿಡಿ ಅದನ್ನ," ಎಂದೆ. "ಆಸ್ಕ್ಯೂ ಅವರೇ, ಬಡವರನ್ನ ಅಟ್ಟೋ ಆದೇಶಾನ ಎರಡು ಪ್ರತಿ ಬರೀತಿದ್ರು. ಒಂದು ಸುಸಾನಾ ಜೊತೆ ಇಲ್ಲಿಗೆ ಬಂತು, ಅದನ್ನ ನೀವು ಕತ್ತರಿಸಿದ್ರಿ. ಇನ್ನೊಂದು ಅಟ್ಟಿದ ಊರಲ್ಲೇ ಉಳೀತು."

ಬೆಳಿಗ್ಗೆ ಪಕ್ಕದ ಊರಿಂದ ತಂದ ನಕಲನ್ನು ಮೇಜಿನ ಮೇಲಿಟ್ಟು ಓದಿದೆ. "ಸುಸಾನಾ ಹಿಬರ್ಟ್, ತುಂಬು ಬಸುರಿ, ಆ ಊರಿಗೇ, ಅಂದ್ರೆ ಇಲ್ಲಿಗೇ, ಸೇರಿದವಳು. ಮಗುವಿನ ತಂದೆ, ಅವಳನ್ನು ಊರು ಬಿಡಿಸಿದವನು, ಅಲ್ಲಿನ ಬಡವರ ಮೇಲ್ವಿಚಾರಕ ಜೋಸಯಾ ಆಸ್ಕ್ಯೂ."

ಜೋಸಯಾ ಎಂದರೆ ನಮ್ಮ ಈ ಚರ್ಚಿನ ಗೋಡೆಯ ಮೇಲೆ 'ಧರ್ಮಾತ್ಮ' ಎಂದು ಕೆತ್ತಿಸಿಕೊಂಡಿರುವ, ಆಸ್ಕ್ಯೂನ ಹಿರಿಯಜ್ಜ.

"ಮನೆತನದ ಹೆಸರು..." ಆಸ್ಕ್ಯೂ ಕುಸಿದು ಕುಳಿತ. "ಅದೊಂದೇ ಉಳಿದಿದ್ದು ನನಗೆ."

ಡಾರ್ಕಸ್ ನಕಲನ್ನೂ ಅವನ ಮುಖವನ್ನೂ ನೋಡಿದಳು.

"ಅಂದ್ರೆ ನೀನು ನನಗೆ ತಮ್ಮ ಆಗ್ಬೇಕು. ನಿಮ್ಮಜ್ಜ ಸುಸಾನಾನ ಊರು ಬಿಡಿಸ್ದ, ನೀನು ನನ್ನ ಮನೆ ಬಿಡಿಸೋಕೆ ಬಂದೆ. ಸಾಕು ಮಹರಾಯ, ಬಾಗಿಲು ತೆಗಿ."

ಅವನು ಜೇಬಿನಿಂದ ಕೀಲಿ ತೆಗೆದ, ಆದರೆ ಕುಳಿತಲ್ಲಿಂದ ಏಳಲಿಲ್ಲ. ಡಾರ್ಕಸ್ ಅದನ್ನು ಕಿತ್ತುಕೊಂಡು ತಾನೇ ಬಾಗಿಲು ತೆಗೆದಳು. ಕೀಲಿಯನ್ನು ವಾಪಸು ಕೊಡಲಿಲ್ಲ.