ಲಿಸ್ಕಾಳ ಪಿಕಪ್

ಸೈಕಲ್ಲೊಂದು ಅವರನ್ನು ಹಿಂದೆ ಹಾಕಿ ಹೋಯಿತು.

ತಿಂಕಾರಾಗೆ ನಂಬಿಕೆಯೇ ಬರಲಿಲ್ಲ. ಅವಳು ಕೂತಿದ್ದದ್ದು ಮೋಟಾರ್ ಬೈಕಿನ ಮೇಲೆ. ಅದೂ ಎದುರಿಗೆ ದೊಡ್ಡ ಗಾಜು, ಎರಡೂ ಪಕ್ಕ ಪೆಟ್ಟಿಗೆ, ಸೋಫಾದಂಥ ಸೀಟು ಇರುವ, ದೂರದೂರಿಗೆ ಹೋಗಲೆಂದೇ ಮಾಡಿದ ಟೂರಿಂಗ್ ಬೈಕು. ಅಜ್ಜ ಲುದ್ವಿಕ್ ಅದನ್ನು ವರ್ಶಿಚ್ ಘಾಟಿಯ ಇಳಿಜಾರಿನಲ್ಲಿ, ಗಬ್ಬದ ಹಸುವನ್ನು ಹೊಡೆದುಕೊಂಡು ಹೋಗುವವರ ಹಾಗೆ ಮೆಲ್ಲಗೆ ಇಳಿಸುತ್ತಿದ್ದ. ಆ ಕಡೆಯ ತಿರುವುಗಳಿಗೆಲ್ಲ ಡಾಂಬರಿಲ್ಲ, ಹಳೆಯ ಕಾಲದ ಕಲ್ಲುಹಾಸು.

ಸೈಕಲ್ಲಿನವನು ಹಳದಿ ಜರ್ಸಿ ತೊಟ್ಟಿದ್ದ. ಪಕ್ಕಕ್ಕೆ ಬಂದವನು ತಿರುಗಿ ನೋಡಿ ಕೈ ಬೀಸಿದ. ಅವಳ ಕ್ಲಾಸಿನ ಬ್ಲಾಜ್‌ನ ಅಪ್ಪ!

ತಿಂಕಾರಾ ಅಜ್ಜನ ಬೆನ್ನಿಗೆ ಹೆಲ್ಮೆಟ್ ಒತ್ತಿ ಮುಖ ಮರೆಸಿಕೊಂಡಳು.

ಸೋಮವಾರ ಅವಳು ಸ್ಕೂಲಿಗೆ ಹೋಗುವಷ್ಟರಲ್ಲಿ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು.

"ನಿಮ್ಮಜ್ಜನ ಬೈಕಿಗೆ ಪೆಡಲ್ ಹಾಕ್ಸೇ," ಅಂದ ಬ್ಲಾಜ್. "ಆಮೇಲೆ ನಮ್ಮಪ್ಪನ ಜೊತೆ ರೇಸಿಗೆ ಬಾ."

ಕ್ಲಾಸೆಲ್ಲ ನಕ್ಕಿತು. ಪಕ್ಕದಲ್ಲಿ ಕೂರುವ ಗೆಳತಿಯೂ ಬಾಯಿಗೆ ಕೈ ಅಡ್ಡ ಹಿಡಿದಳು. ಅದೇ ತಿಂಕಾರಾಗೆ ಹೆಚ್ಚು ಚುಚ್ಚಿತು.

ಹನ್ನೆರಡು ತುಂಬುವ ತನಕ ಬೈಕ್ ಹತ್ತುವ ಹಾಗಿಲ್ಲ ಎಂದು ಅಮ್ಮ ಕಟ್ಟುನಿಟ್ಟಾಗಿ ಹೇಳಿದ್ದಳು. ತಿಂಕಾರಾ ಅದಕ್ಕಾಗಿ ಕಾದೂ ಕಾದೂ ಸಾಕಾಗಿದ್ದಳು. ಈ ಏಪ್ರಿಲ್‌ನಲ್ಲಿ ಹನ್ನೆರಡು ತುಂಬಿತು, ಮೇ ತಿಂಗಳಲ್ಲಿ ಹಿಮ ಕರಗಿ ಘಾಟಿ ತೆರೆಯಿತು. ಅಜ್ಜನ ತಂಗಿ ಯುಸ್ತಿನಾ ಅಜ್ಜಿಯ ಮನೆ ಇರುವುದು ಘಾಟಿಯ ಆಚೆ. ಪ್ರತಿ ಭಾನುವಾರದ ಊಟಕ್ಕೆ ಅಜ್ಜನೂ ಮೊಮ್ಮಗಳೂ ಅಲ್ಲಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಕಾದದ್ದು ಸೈಕಲ್ಲಿನವರ ಕೈಲಿ ನಗೆಪಾಟಲಾಗುವುದಕ್ಕೇನು?

ಸ್ಕೂಲು ಬಿಟ್ಟವಳೇ ಮನೆಗೆ ಹೋಗದೆ ನೇರವಾಗಿ ಅಮ್ಮನ ತಮ್ಮ ಮಿತ್ಯಾ ಮಾವನ ಗ್ಯಾರೇಜಿಗೆ ನಡೆದಳು. ಮಾವ ಬೊವೆಟ್ಸ್ ಊರಿನ ಬೈಕುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ.

"ಲಿಸ್ಕಾ ಜೋರಾಗಿ ಓಡೋ ಹಾಗೆ ಮಾಡ್ಬೇಕು, ಮಾವ," ಅಂದಳು.

ಲಿಸ್ಕಾ ಅಂದರೆ ಅಜ್ಜನ ಬೈಕು. ನಲವತ್ತು ವರ್ಷ ಹಾಲಿನ ಡೈರಿಯಲ್ಲಿ ದುಡಿದ ಅಜ್ಜ, ಬೈಕಿಗೂ ಹಸುವಿನ ಹೆಸರನ್ನೇ ಇಟ್ಟಿದ್ದ.

ಮಾವ ಕೈ ಒರೆಸಿಕೊಂಡ. ಅವನಿಗೂ ಬಹಳ ದಿನದಿಂದ ಅದೇ ಆಸೆ ಇತ್ತು. ಇಂಜಿನ್ ಅಂದರೆ ಉಸಿರಾಡುವ ಪ್ರಾಣಿಯ ಹಾಗೆ ಎಂದು ಅವಳಿಗೆ ಬಿಡಿಸಿ ಹೇಳಿದ. ಹೆಚ್ಚು ಗಾಳಿ ಬಿಡುವ ಏರ್ ಫಿಲ್ಟರ್, ಹೊಗೆ ಸಲೀಸಾಗಿ ಹೋಗುವ ಸೈಲೆನ್ಸರ್, ಒಳಗೆ ಒಂದೆರಡು ಹೊಸ ಭಾಗ, ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ. ಅಷ್ಟು ಮಾಡಿದರೆ ಪಿಕಪ್ ಎಲ್ಲಿಗೋ ಹೋಗುತ್ತದೆ. ಗಿರಾಕಿಯೊಬ್ಬ ತರಿಸಿ ಬೇಡವೆಂದು ಬಿಟ್ಟುಹೋದ ಸಾಮಾನೆಲ್ಲ ಮೂಲೆಯಲ್ಲೇ ಬಿದ್ದಿತ್ತು. ಹೇಗೂ ಮುಂದಿನ ವಾರ ಅಜ್ಜನ ಹುಟ್ಟುಹಬ್ಬ.

ಅಮ್ಮ ಮಾತ್ರ ಒಂದು ಪ್ರಶ್ನೆ ಕೇಳಿದಳು. "ಅಜ್ಜ ಬೇಕು ಅಂದ್ರಾ?"

"ಸರ್‌ಪ್ರೈಸ್ ಕಣಮ್ಮ. ಕೇಳಿದ್ರೆ ಸರ್‌ಪ್ರೈಸ್ ಹೇಗಾಗುತ್ತೆ?" ಅಂದಳು ತಿಂಕಾರಾ.

ಮಂಡಿನೋವಿಗೆಂದು ಡಾಕ್ಟರು ಅಜ್ಜನನ್ನು ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸಿದ್ದೂ ಆಗಲೇ. ಅವನು ಅತ್ತ ಹೋದದ್ದೇ ತಡ, ಇತ್ತ ಲಿಸ್ಕಾ ಗ್ಯಾರೇಜಿಗೆ ಬಂತು. ಸ್ಕೂಲು ಮುಗಿದ ಮೇಲೆ ತಿಂಕಾರಾಳಿಗೆ ಅಲ್ಲೇ ಕೆಲಸ. ಲೈಟು ಹಿಡಿದಳು, ಕೇಳಿದ ಸ್ಪ್ಯಾನರ್ ಎತ್ತಿಕೊಟ್ಟಳು, ಉಗುರೆಲ್ಲ ಕಪ್ಪಾಗುವ ಹಾಗೆ ಹಳೆಯ ಗ್ರೀಸು ಉಜ್ಜಿ ತೆಗೆದಳು.

ಹುಟ್ಟುಹಬ್ಬದ ದಿನ ಅಜ್ಜ ವಾಪಸು ಬಂದಾಗ ಮಾವ ಬಟನ್ ಒತ್ತಿದ. ಲಿಸ್ಕಾ ಗುಡುಗಿದಳು. ಪಕ್ಕದ ಮನೆ ಸ್ತಾನೆಯ ನಾಯಿ ಬೊಗಳುವುದನ್ನೂ ಮರೆತು ಮಂಚದಡಿ ನುಗ್ಗಿತಂತೆ.

ಅಜ್ಜ ಬೈಕಿನ ಸುತ್ತ ಒಂದು ಸುತ್ತು ಬಂದ. ಆಮೇಲೆ ತಿಂಕಾರಾಳ ಕಪ್ಪು ಉಗುರು ನೋಡಿ ನಕ್ಕ. "ಎಷ್ಟು ಕಷ್ಟಪಟ್ಟಿದ್ದೀರಲ್ಲ," ಅಂದ. ಇಬ್ಬರನ್ನೂ ಅಪ್ಪಿಕೊಂಡ.

ಭಾನುವಾರ ಲಿಸ್ಕಾ ನಿಜಕ್ಕೂ ಹಾರಿದಳು. ಕಣಿವೆಯ ನೇರ ರಸ್ತೆಯಲ್ಲಿ ಒಂದು ಕಾರು ಹಿಂದುಳಿಯಿತು, ಇನ್ನೊಂದು ಉಳಿಯಿತು, ಜರ್ಮನಿಯಿಂದ ಬಂದಿದ್ದ ಎರಡು ಬೈಕುಗಳೂ ಹಿಂದುಳಿದವು. ಬ್ಲಾಜ್ ಎಲ್ಲಿದ್ದರೂ ಈಗ ನೋಡಬೇಕಿತ್ತು ಎಂದುಕೊಂಡಳು ತಿಂಕಾರಾ.

ಏನೋ ಒಂದು ಕಡಿಮೆ ಇದೆ ಅನ್ನಿಸಿದ್ದು ಸ್ವಲ್ಪ ಹೊತ್ತಿನ ಮೇಲೆ. ಅಜ್ಜನ ಮಾತಿರಲಿಲ್ಲ. ಹೋದ ಸಲ ಅವನು ಹಿಂದಕ್ಕೆ ಕತ್ತು ವಾಲಿಸಿ ದಾರಿಯುದ್ದಕ್ಕೂ ಏನಾದರೊಂದು ಹೇಳಿದ್ದ. ಯಾವ ಹುಲ್ಲುಗಾವಲಿನ ಹಾಲು ಯಾವ ಚೀಸಿಗೆ ಒಳ್ಳೆಯದು, ಯಾವ ಬಂಡೆಯ ಮೇಲೆ ತಾನು ಹುಡುಗನಾಗಿದ್ದಾಗ ಸಿಕ್ಕಿಕೊಂಡು ಅತ್ತದ್ದು. ಈಗ ಅವನು ಹೇಳುತ್ತಿದ್ದಾನೋ ಇಲ್ಲವೋ, ಸೈಲೆನ್ಸರಿನ ಗುಡುಗಿನಲ್ಲಿ ಒಂದೂ ಕೇಳಿಸುತ್ತಿರಲಿಲ್ಲ.

ಘಾಟಿಯ ತುದಿ ದಾಟಿ ಇಳಿಯಲು ಶುರು ಮಾಡಿದ ಮೇಲೆ ಕಷ್ಟವಾಯಿತು. ಕಲ್ಲುಹಾಸಿನ ತಿರುವುಗಳಲ್ಲಿ ಅಜ್ಜನಿಗೆ ಬೇಕಾದದ್ದು ನಡಿಗೆಯ ವೇಗ. ಲಿಸ್ಕಾ ಒಪ್ಪಲಿಲ್ಲ. ಆಕ್ಸಿಲರೇಟರ್ ಕೂದಲೆಳೆಯಷ್ಟು ತಿರುಗಿಸಿದರೂ ಮುಂದಕ್ಕೆ ಎಗರುತ್ತಿದ್ದಳು, ಬಿಟ್ಟರೆ ಮುಗ್ಗರಿಸುತ್ತಿದ್ದಳು. ತಿಂಕಾರಾಳ ಹೆಲ್ಮೆಟ್ ಅಜ್ಜನ ಹೆಲ್ಮೆಟ್ಟಿಗೆ ಟಕ್ ಟಕ್ ಎಂದು ಬಡಿಯಿತು.

ಒಂದು ತಿರುವಿನಲ್ಲಿ ಕೆಳಗಿನಿಂದ ವ್ಯಾನೊಂದು ಎದುರಾಯಿತು. ಅಜ್ಜ ಬದಿಗೆ ಸರಿದ. ಲಿಸ್ಕಾ ಎಗರಿದಳು. ಅವನು ಬ್ರೇಕ್ ಹಿಡಿದು ನೋವಿನ ಕಾಲನ್ನೇ ಊರಬೇಕಾಯಿತು. ಮಂಡಿ ಮಡಚಿಕೊಂಡಿತು. ಅಷ್ಟು ದೊಡ್ಡ ಬೈಕು ಒಂದು ಪಕ್ಕಕ್ಕೆ ನಿಧಾನವಾಗಿ, ಹಸು ಮಲಗುವ ಹಾಗೆ, ವಾಲಿಕೊಂಡುಬಿಟ್ಟಿತು.

ಯಾರಿಗೂ ಪೆಟ್ಟಾಗಲಿಲ್ಲ. ಪಕ್ಕದ ಪೆಟ್ಟಿಗೆ ಗೀರಿತು, ಅಷ್ಟೆ. ವ್ಯಾನಿನವನೂ ಅವನ ಹೆಂಡತಿಯೂ ಇಳಿದು ಬಂದು ಎತ್ತಿ ನಿಲ್ಲಿಸಲು ಕೈ ಕೊಟ್ಟರು. ಅಜ್ಜ ಅವರಿಗೆ ಥ್ಯಾಂಕ್ಸ್ ಹೇಳಿದ. ತಿಂಕಾರಾಳ ಮೊಣಕೈ ಮುಟ್ಟಿ ಮುಟ್ಟಿ ನೋಡಿದ.

"ನಂದೇ ತಪ್ಪು ಮಗಾ," ಅಂದ. "ಕೈಗೆ ವಯಸ್ಸಾಯ್ತು."

ಮುಂದಿನ ಭಾನುವಾರ ಅಜ್ಜನಿಗೆ ಮಂಡಿ ನೋಯುತ್ತಿತ್ತು. ಅದರ ಮುಂದಿನ ಭಾನುವಾರ ಮೋಡ ಇದೆ ಎಂದ. ಮೋಡ ಇದ್ದದ್ದು ನಿಜ, ಬೆರಳಿನಲ್ಲಿ ಮುಚ್ಚಬಹುದಾದಷ್ಟು. ಲಿಸ್ಕಾಳ ಮೇಲೆ ಹೊದಿಸಿದ ತಾಡಪಾಲು ಹೊದಿಸಿದ ಹಾಗೇ ಇತ್ತು.

ಜೂನ್ ಬಂತು. ತಿಂಕಾರಾ ಹಿತ್ತಲಿನ ಚೆರ್ರಿ ಮರ ಹತ್ತಿ ಹಣ್ಣು ಕೀಳುತ್ತಿದ್ದಳು. ಕೆಳಗೆ ಬೇಲಿಯ ಹತ್ತಿರ ಅಜ್ಜ ಸ್ತಾನೆಯ ಜೊತೆ ಮಾತಾಡುತ್ತ ನಿಂತಿದ್ದ.

"ಇನ್ನು ಸಾಕು ಅನ್ಸುತ್ತೆ, ಸ್ತಾನೆ," ಎನ್ನುತ್ತಿದ್ದ. "ಮಗೂನ ಬೀಳಿಸಿದ ಕೈ ಇದು. ಯಾರಾದ್ರೂ ಹುಡುಗ್ರು ಕೇಳಿದ್ರೆ ಬೈಕ್ ಕೊಟ್ಬಿಡ್ತೀನಿ."

ತಿಂಕಾರಾಳ ಬಾಯಲ್ಲಿದ್ದ ಚೆರ್ರಿ ಹಾಗೇ ನಿಂತಿತು. ಕೈಯದಲ್ಲ ತಪ್ಪು. ಅದು ಅವಳಿಗೆ ಗೊತ್ತಿತ್ತು. ಅದೇ ಕೈ ಮೊದಲ ಸಲ ಅಷ್ಟೂ ತಿರುವುಗಳನ್ನು ಒಂದೇ ಒಂದು ಜೋಲಿಯಿಲ್ಲದೆ ಇಳಿಸಿರಲಿಲ್ಲವೇ? ಅವಳು ಬುಟ್ಟಿಯನ್ನು ಕೊಂಬೆಯಲ್ಲೇ ಬಿಟ್ಟು ಇಳಿದು ಗ್ಯಾರೇಜಿಗೆ ಓಡಿದಳು.

ತಪ್ಪು ಇಂಜಿನ್ನಿನದು ಎಂದರೆ ಮಿತ್ಯಾ ಮಾವ ಮೊದಲು ಒಪ್ಪಲಿಲ್ಲ. ಇಂಜಿನ್ನಿನಲ್ಲಿ ಒಂದು ದೋಷವೂ ಇಲ್ಲ, ತಾನೇ ಹೈವೇಯಲ್ಲಿ ಓಡಿಸಿ ನೋಡಿದ್ದೇನೆ, ಬೆಣ್ಣೆಯಂತೆ ಹೋಯಿತು ಎಂದ. ಅಪ್ಪನಿಗೆ ವಯಸ್ಸಾಗಿದೆ, ಏನು ಮಾಡುವುದು ಎಂದ.

"ನೀನು ಜೋರಾಗಿ ಓಡಿಸಿದ್ದೆ," ಅಂದಳು ತಿಂಕಾರಾ. "ಅಜ್ಜನ ಹಾಗೆ ಓಡಿಸಿ ತೋರ್ಸು. ನಾನು ಹಿಂದೆ ಕೂರ್ತೀನಿ."

"ನಂಗೆ ಕೆಲಸ ಇದೆ ಕಣೇ."

"ಕಾಯ್ತೀನಿ."

ಅವಳು ಟೈರಿನ ರಾಶಿಯ ಮೇಲೆ ಕೂತೇಬಿಟ್ಟಳು. ಮಾವ ಒಂದು ಬೈಕಿನ ಆಯಿಲ್ ಬದಲಿಸಿದ, ಇನ್ನೊಂದರ ಚೈನು ಬಿಗಿ ಮಾಡಿದ. ಅವಳು ಅಲ್ಲಾಡಲಿಲ್ಲ. ಕೊನೆಗೆ ಮಾವ ನಿಟ್ಟುಸಿರು ಬಿಟ್ಟು ಹೆಲ್ಮೆಟ್ ತೆಗೆದುಕೊಂಡ.

ಅಜ್ಜ ಸ್ತಾನೆಯ ಮನೆಗೆ ಇಸ್ಪೀಟಾಡಲು ಹೋಗಿದ್ದ. ಅವರು ಲಿಸ್ಕಾಳನ್ನು ಸದ್ದಾಗದ ಹಾಗೆ ಬೀದಿಯ ಕೊನೆಯ ತನಕ ತಳ್ಳಿ, ಆಮೇಲೆ ಊರಾಚೆ, ಹಳೆಯ ಕೋಟೆಗೆ ಏರುವ ಕಲ್ಲುಹಾಸಿನ ಓಣಿಗೆ ಒಯ್ದರು.

"ನಿಧಾನ," ಅಂದಳು ತಿಂಕಾರಾ ಹಿಂದಿನಿಂದ. ಮಾವ ನಿಧಾನ ಮಾಡಿದ.

"ಇನ್ನೂ ನಿಧಾನ."

"ಇದಕ್ಕಿಂತ ನಿಧಾನ ಅಂದ್ರೆ ನಿಂತ್ಕೊಬೇಕಷ್ಟೆ."

"ಅಜ್ಜ ಹೋಗ್ತಾನೆ."

ಮೊದಲ ತಿರುವಿನಲ್ಲಿ ಲಿಸ್ಕಾ ಎಗರಿದಳು. ಎರಡನೆಯದರಲ್ಲಿ ಕೆಮ್ಮಿ ಆಫ್ ಆದಳು. ಮೂರನೆಯದರಲ್ಲಿ ಮಾವ ಎರಡೂ ಕಾಲು ಊರಿ ನಿಂತುಕೊಂಡ. ಸೈಲೆನ್ಸರಿನ ಬಿಸಿ ತಿಂಕಾರಾಳ ಪ್ಯಾಂಟಿನೊಳಕ್ಕೂ ಬರುತ್ತಿತ್ತು. ಮಾವ ಹೆಲ್ಮೆಟ್ ತೆಗೆದು ಹಣೆ ಒರೆಸಿಕೊಂಡ.

"ನಂಗಾದ್ರೆ ಇದೇ ಇಂಜಿನ್ ಬೇಕು," ಅಂದ ಆಮೇಲೆ. "ಅಪ್ಪ ನನ್ನ ದಾರೀಲಿ ಹೋಗಲ್ವಲ್ಲ." ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಟ್ಟು ಕೇಳಿದ, "ಈಗ ಅವರ ಹತ್ರ ಮಾತಾಡೋರು ಯಾರು?"

"ನಾನು," ಅಂದಳು ತಿಂಕಾರಾ.

ಅಜ್ಜ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದ. ತಿಂಕಾರಾ ಎದುರಿನ ಕುರ್ಚಿಯಲ್ಲಿ ಕೂತಳು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲೋ ಹೋಗಿತ್ತು.

"ಅಜ್ಜಾ, ಹೊಸ ಇಂಜಿನ್ ನಿಂಗೆ ಇಷ್ಟ ಆಯ್ತಾ?"

"ಒಳ್ಳೇ ಕೆಲಸ ಮಾಡಿದ್ದೀರಿ."

"ಅದಲ್ಲ ಕೇಳಿದ್ದು."

ಅಜ್ಜ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡ. ಅವಳೇ ಹೇಳಿದಳು. ಹಳದಿ ಜರ್ಸಿ, ಬ್ಲಾಜ್, ಪೆಡಲ್ ಮಾತು, ಕ್ಲಾಸಿನ ನಗು, ಎಲ್ಲವನ್ನೂ. ಪಿಕಪ್ ಬೇಕಾಗಿದ್ದದ್ದು ತನಗೆ, ಅವನಿಗಲ್ಲ ಎಂದಾಗ ಅವಳ ದನಿ ಸಣ್ಣಗಾಯಿತು. ಆದರೂ ನಿಲ್ಲಿಸಲಿಲ್ಲ.

"ಮತ್ತೆ, ಕೈಗೆ ವಯಸ್ಸಾಗಿಲ್ಲ. ಮಿತ್ಯಾ ಮಾವನ ಕೈಲೂ ಎಗರಿತು. ಇವತ್ತು ಓಡಿಸಿ ನೋಡಿದ್ವಿ."

ಚಾಕು ನಿಂತಿತು. "ಮಿತ್ಯಾನ ಕೈಲೂ?"

"ಆಫೂ ಆಯ್ತು."

ಅಜ್ಜ ಮತ್ತೆ ಹೆರೆಯತೊಡಗಿದ. ಆಲೂಗಡ್ಡೆಯ ಸಿಪ್ಪೆ ಒಂದೇ ಉದ್ದಕ್ಕೆ, ಎಲ್ಲೂ ತುಂಡಾಗದೆ ಬಟ್ಟಲಿಗೆ ಇಳಿಯಿತು. ಅದು ಪೂರ್ತಿ ಬಿದ್ದ ಮೇಲೆ ಕೇಳಿದ:

"ಹಳೇ ಸೈಲೆನ್ಸರ್ ಇಟ್ಟಿದ್ದಾನಾ, ಇಲ್ಲ ಎಸೆದ್‌ಬಿಟ್ನಾ?"

ಮಾವ ಎಸೆದಿರಲಿಲ್ಲ. ಈ ಸಲ ಗ್ಯಾರೇಜಿನಲ್ಲಿ ಅಜ್ಜನೂ ಇದ್ದ. ಸ್ಟೂಲಿನ ಮೇಲೆ ಕೂತು, ಹಳೆಯ ಭಾಗಗಳನ್ನು ಒಂದೊಂದಾಗಿ ಒರೆಸಿ ಕೊಟ್ಟ. ಇಬ್ಬರು ಕೂತರೆ ಹಿಂದಿನ ಸ್ಪ್ರಿಂಗ್ ತೀರ ಕುಸಿಯುತ್ತದೆ, ಅದನ್ನಾದರೂ ಬದಲಿಸಲೇ ಎಂದು ಮಾವ ಕೇಳಿದ. ಮಾಡುವ ಮೊದಲೇ ಕೇಳಿದ. ಅಜ್ಜ ಯೋಚಿಸಿ, ಹೂಂ, ಅದು ಬೇಕು ಎಂದ.

ಮರುಭಾನುವಾರ ಪೆಟ್ಟಿಗೆಗಳ ತುಂಬ ಚೆರ್ರಿ ತುಂಬಿಕೊಂಡು ಹೊರಟರು. ಘಾಟಿಯ ಏರು ಸಿಕ್ಕಿತು. ಲಿಸ್ಕಾ ಗುಟುರು ಹಾಕುತ್ತ, ಅವಸರವಿಲ್ಲದೆ ಏರತೊಡಗಿದಳು. ಅಜ್ಜ ಕತ್ತು ವಾಲಿಸಿ, ಯುಸ್ತಿನಾ ಅಜ್ಜಿ ಚಿಕ್ಕವಳಿದ್ದಾಗ ಇದೇ ಏರಿನಲ್ಲಿ ಕುರಿಯ ಮೇಲೆ ಸವಾರಿ ಮಾಡಲು ಹೋದ ಕತೆ ಶುರು ಮಾಡಿದ.

ಹಿಂದೆ ಹಾರ್ನ್ ಕೇಳಿಸಿತು. ತಿಂಕಾರಾ ತಿರುಗಿ ನೋಡಿದಳು. ಕೆಂಪು ಕಾರು. ಅದರ ಹಿಂದೆ ತಲೆಯ ಮೇಲೆ ದೋಣಿ ಕಟ್ಟಿಕೊಂಡ ವ್ಯಾನು. ಅದರ ಹಿಂದೆ ಇನ್ನೂ ಯಾರು ಯಾರೋ. ಕೆಂಪು ಕಾರಿನ ಕಿಟಕಿಯಲ್ಲಿ ಅವಳ ವಯಸ್ಸಿನ ಹುಡುಗನೊಬ್ಬ ಮೂಗು ಒತ್ತಿಕೊಂಡು ಅವಳನ್ನೇ ನೋಡುತ್ತಿದ್ದ.

ಮುಂದೆ ರಸ್ತೆ ಖಾಲಿ ಇತ್ತು. ಅಜ್ಜ ಬಲಕ್ಕೆ, ರಸ್ತೆಯ ಅಂಚಿಗೆ ಸರಿದು ದಾರಿ ಬಿಟ್ಟ. ತಿಂಕಾರಾ ಬೆನ್ನು ನೆಟ್ಟಗೆ ಮಾಡಿಕೊಂಡು, ಎಡಗೈ ಹೊರಗೆ ಚಾಚಿ, ಮುಂದೆ ಹೋಗಿ ಎಂದು ದೊಡ್ಡದಾಗಿ ಬೀಸಿದಳು. ಕೆಂಪು ಕಾರು ಹೋಯಿತು. ವ್ಯಾನು ಹೋಯಿತು. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಕೊನೆಯವನು ಹೋಗುವವರೆಗೂ ಅವಳು ಕೈ ಬೀಸುತ್ತಲೇ ಇದ್ದಳು.

ಆಮೇಲೆ ಅಜ್ಜನ ಹೆಗಲ ಹತ್ತಿರ ಬಾಗಿ ಕೇಳಿದಳು:

"ಆ ಕುರಿ ಆಮೇಲೆ ಏನ್ ಮಾಡ್ತು?"