ಸೈದಪ್ಪನ ಪಾಲಿನ ಬದಾಮಿ

ಹಾಲಿನ ಚರಿಗೆ ತನ್ನ ಮುಂದೆ ಬಾರದೆ ಪಕ್ಕದವನ ಮುಂದೆ ಹೋಗಿ ಕೂತ ದಿನವೇ ಹುಲೆಪ್ಪ ಪೈಲ್ವಾನನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಪಕ್ಕದವನೆಂದರೆ ಸೈದಪ್ಪ. ಹನ್ನೂರಿನಿಂದ ಬುತ್ತಿ ಕಟ್ಟಿಕೊಂಡು ನಿನ್ನೆ ಮೊನ್ನೆ ಸೊಲ್ಲಾಪುರದ ತಾಲೀಮು ಗರಡಿಗೆ ಬಂದವನು, ಇನ್ನೂ ಮೀಸೆ ಸರಿಯಾಗಿ ಬಲಿಯದವನು.

ಸಂಸ್ಥಾನಗಳು ವಿಲೀನವಾಗಿ ಅರಮನೆಯ ಖುರಾಕು ನಿಂತ ಮೇಲೆ ಪೈಲ್ವಾನರ ಹೊಟ್ಟೆ ನೋಡಿಕೊಳ್ಳುವವರು ಪೇಟೆಯ ವ್ಯಾಪಾರಿಗಳೇ. ಚಾದರದ ವ್ಯಾಪಾರಿ ಶಾಂತಲಿಂಗಪ್ಪ ಸಾವಕಾರರು ಸಾಕುತ್ತಿದ್ದದ್ದು ಒಬ್ಬನನ್ನೇ. ಆ ಒಬ್ಬನಿಗೆ ಎಮ್ಮೆಯ ಗಟ್ಟಿ ಹಾಲು, ತುಪ್ಪ, ಬದಾಮಿ. ಇಷ್ಟು ವರ್ಷ ಆ ಒಬ್ಬ ಹುಲೆಪ್ಪನೇ ಆಗಿದ್ದ. ಮಂದ್ರೂಪದ ಕುಸ್ತಿಯಲ್ಲಿ ಅವನೂ ಸೈದಪ್ಪನೂ ಸಮಸಮ ಆದದ್ದೇ ತಡ, ಸಾವಕಾರರ ಮನಸ್ಸು ಹರೆಯದವನ ಕಡೆ ವಾಲಿತು. ಹುಲೆಪ್ಪನಿಗೆ ಉಳಿದದ್ದು ತಾಲೀಮಿನ ಒಂದು ಮೂಲೆ ಮತ್ತು ಒಣ ರೊಟ್ಟಿ. ಸೈದಪ್ಪ ಗೆಲ್ಲುತ್ತ ಹೋದರೆ ಮೂಲೆಯೂ ಹೋಗುತ್ತದೆ, ಆಮೇಲೆ ತನ್ನೂರು ಮಂದ್ರೂಪಕ್ಕೆ ಮರಳಿ ಕಬ್ಬು ಕಡಿಯುವುದೇ ಗತಿ.

ಹುಲೆಪ್ಪ ತಲೆ ಕೆಡಿಸಿಕೊಳ್ಳಲಿಲ್ಲ, ತಲೆ ಓಡಿಸಿದ. ಕೈಕಾಲು ಮುರಿಯುವುದು ಪುಂಡರ ಕೆಲಸ. ಹಾಲಿಗೆ ಭೇದಿಯ ಔಷಧ ಬೆರೆಸಿದರೆ ಅದೇ ದಿನ ಬಯಲಾಗುತ್ತದೆ. ಆದರೆ ಪೈಲ್ವಾನನ ಜೀವ ಇರುವುದು ಖುರಾಕಿನಲ್ಲಿ. ದಿನಾ ಅಷ್ಟಷ್ಟೇ ಖುರಾಕು ಕದ್ದರೆ ಸೈದಪ್ಪ ತಾನಾಗಿಯೇ ಸೊರಗುತ್ತಾನೆ. ಕದ್ದ ಮಾಲನ್ನು ಬಚ್ಚಿಟ್ಟು ಸಿಕ್ಕಿಬೀಳುವವರು ದಡ್ಡರು. ತಿಂದುಬಿಟ್ಟರೆ ಯಾವ ಫೌಜದಾರನೂ ಹುಡುಕಲಾರ. ಈ ವಿಚಾರ ಹೊಳೆದಾಗ ಹುಲೆಪ್ಪನಿಗೆ ತನ್ನ ಬಗ್ಗೆ ತನಗೇ ಗೌರವ ಹೆಚ್ಚಾಯಿತು.

ಮರುದಿನವೇ ಅವನ ಸೊಂಟ ಹಿಡಿದುಕೊಂಡಿತು. ಸಾಮು ಬಿಟ್ಟ. ಮೊಣಕಾಲಿನವರೆಗೆ ಬರುವ ದೊಗಳೆ ಅಂಗಿ ತೊಟ್ಟು, ಮೇಲೊಂದು ಚಾದರ ಸುತ್ತಿಕೊಂಡು, ನರಳುತ್ತ ರುಬ್ಬುಗಲ್ಲಿನ ಮುಂದೆ ಕೂತ. ಕುಸ್ತಿಯಂತೂ ಆಗುವುದಿಲ್ಲ, ತಮ್ಮ ಸೈದಪ್ಪನಿಗೆ ಬದಾಮಿಯಾದರೂ ಅರೆದು ಕೊಡುತ್ತೇನೆ ಎಂದ. ಸಾವಕಾರರು ಅವನ ಬೆನ್ನು ಸವರಿದರು.

"ನಿನಗ ಇಷ್ಟು ಬ್ಯಾನಿ ಅದ, ಆದ್ರೂ ಅವನ ಸಲುವಾಗಿ ಅರಿಯಾಕತ್ತಿ. ಇಂಥಾ ಮನಸ್ಸು ಯಾರಿಗಿ ಬರ್ತದ ಹುಲೆಪ್ಪ?" ಎಂದರು.

"ನಂದೇನದರಿ ಸಾವಕಾರ್ರ, ಹುಡುಗ ಮುಂದ ಬರ್ಲಿ," ಎಂದ ಹುಲೆಪ್ಪ, ನೆನೆಸಿದ ಬದಾಮಿಯ ಸಿಪ್ಪೆ ಸುಲಿಯುತ್ತ.

ಸಾವಕಾರರು ಹೊರಟ ಮೇಲೆ ಬದಾಮಿ ಅವನ ಬಾಯಿಗೆ ಹೋಯಿತು. ರುಬ್ಬುಗಲ್ಲಿಗೆ ಬಿದ್ದದ್ದು ನೆನೆಸಿದ ಶೇಂಗಾ. ಗಸಗಸೆ, ಯಾಲಕ್ಕಿ ಹಾಕಿ ನುಣ್ಣಗೆ ಅರೆದರೆ ಬಣ್ಣ, ವಾಸನೆ ಎರಡೂ ಬದಾಮಿಯದೇ. ಹಾಲನ್ನು ಕಾಯಿಸಿ ಆರಲು ಬಿಟ್ಟು, ಗಟ್ಟಿ ಕೆನೆಯನ್ನು ರೊಟ್ಟಿಯ ಮೇಲೆ ಹೇರಿಕೊಂಡು ತಾನು ತಿಂದ, ತಳದ ನೀಲಿಗಟ್ಟಿದ ತೆಳು ಹಾಲನ್ನು ಸೈದಪ್ಪನಿಗೆ ಕೊಟ್ಟ. ತುಪ್ಪದ ಡಬ್ಬಿಯಲ್ಲಿ ಸೈದಪ್ಪನ ಪಾಲಿಗೆ ಬಂದದ್ದು ಪರಿಮಳ ಮಾತ್ರ. ಆ ಕಾಲದಲ್ಲಿ ಜನರೆಲ್ಲ ಡಬ್ಬಿಯ ವನಸ್ಪತಿ ತುಪ್ಪವನ್ನು ಬೈಯುತ್ತಿದ್ದರು. ಹುಲೆಪ್ಪನೂ ಅಸಲಿ ತುಪ್ಪ ನೆಕ್ಕುತ್ತಲೇ ಬೈದ.

ಸೈದಪ್ಪನಿಗೆ ಹಸಿವು ತಡೆಯಲಾಗಲಿಲ್ಲ. ಅಣ್ಣಾ, ಇನ್ನೇನಾದರೂ ಇದೆಯೇ ಎಂದು ಕೇಳತೊಡಗಿದ. ಹುಲೆಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಬಡವರು ತಿನ್ನುವ ಮೊಳಕೆ ಮಡಕಿಕಾಳು, ನೆನೆಗಡಲೆ, ತೆಳುವಾದ ಮಜ್ಜಿಗೆಯನ್ನು ಮುಂದಿಟ್ಟು ಹೊಟ್ಟೆ ತುಂಬ ತಿನ್ನು ಎಂದ. ಇದರಿಂದ ಯಾವ ಪೈಲ್ವಾನ ಉದ್ಧಾರವಾಗುತ್ತಾನೆ ಎಂದು ಒಳಗೊಳಗೇ ನಕ್ಕ. ಇಷ್ಟು ಸಾಲದೆಂದು ನಸುಕಿನಲ್ಲಿ ಗಿರಣಿಯ ಭೋಂಗಾ ಕೂಗುವ ಮೊದಲೇ ಅವನನ್ನು ಎಬ್ಬಿಸಿ ತಾಲೀಮಿನ ಮಣ್ಣು ಅಗೆಸಿದ, ಬಾವಿಯ ನೀರು ಸೇದಿಸಿದ, ದಂಡ ಬೈಠಕ್‌ಗಳನ್ನು ಹೆಚ್ಚಿಸಿದ. ಕೊಡುವುದು ಹಗುರ ತಿನಿಸು, ತೆಗೆಯುವುದು ಭಾರದ ಕೆಲಸ. ಎತ್ತೂ ಉಳಿಯುವುದಿಲ್ಲ ಎಂಬ ಭರವಸೆ ಅವನದು.

ಬೇಸಿಗೆ ಕಳೆಯುವಷ್ಟರಲ್ಲಿ ಭರವಸೆ ಫಲ ಕೊಟ್ಟಿತು. ಸೈದಪ್ಪನ ತುಂಬು ಗಲ್ಲ ಇಳಿಯಿತು. ಪೈಲ್ವಾನನಿಗೆ ಭೂಷಣವೆನಿಸುವ ಹೊಟ್ಟೆ ಬೆನ್ನಿಗೆ ಹತ್ತಿತು. ಸಾವಕಾರರು ಒಂದು ದಿನ ಅವನ ತೋಳು ಹಿಡಿದು, "ಯಾಕೋ, ಸೊರಗಿದಂಗ ಕಾಣ್ತಿ?" ಎಂದು ಕೇಳಿದರು. "ಏನೋ ರೀ, ಮೈ ಹಗುರ ಆಗ್ಯಾದ," ಎಂದ ಸೈದಪ್ಪ. ಮೂಲೆಯಲ್ಲಿದ್ದ ಹುಲೆಪ್ಪ ಚಾದರದೊಳಗೇ ಹಿಗ್ಗಿದ. ಸಾವಕಾರರು ತೋಳನ್ನು ಇನ್ನೊಮ್ಮೆ ಒತ್ತಿ, ಏನೋ ಯೋಚಿಸುತ್ತ ಹೊರಟುಹೋದದ್ದನ್ನು ಅವನು ಗಮನಿಸಲಿಲ್ಲ.

ಇನ್ನು ಉಳಿದದ್ದು ಕೊನೆಯ ಹೆಜ್ಜೆ. ಪಂಚಮಿಗೆ ಅಕ್ಕಲಕೋಟೆಯಲ್ಲಿ ಕುಸ್ತಿ. ಅಲ್ಲಿ ಚೀಟಿ ಇಲ್ಲ, ತೂಕದ ಕಾಟಾ ಇಲ್ಲ. ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿ, ಪಂಚರು ಕಣ್ಣಿನಲ್ಲೇ ಅಳೆದು, ಸರಿಸಮ ಮೈಯಿರುವ ಇಬ್ಬರ ಕೈ ಕೂಡಿಸುತ್ತಾರೆ. ಅದೇ ಜೋಡಿ. ಅವರ ಮಾತಿಗೆ ಎದುರಾಡಿ ಕಣದಿಂದ ಸರಿದವನನ್ನು ಮತ್ತೆ ಯಾವ ಊರೂ ಕುಸ್ತಿಗೆ ಕರೆಯುವುದಿಲ್ಲ. ಮಂದ್ರೂಪದಲ್ಲಿ ಹುಲೆಪ್ಪ, ಸೈದಪ್ಪ ಒಂದೇ ಅಚ್ಚಿನಲ್ಲಿ ಹೊಯ್ದವರಂತಿದ್ದರು, ಪಂಚರು ಎರಡನೆಯ ಸಲ ನೋಡದೆ ಕೈ ಕೂಡಿಸಿದ್ದರು. ಈ ಸಲವೂ ಹಾಗೆಯೇ ಆಗುತ್ತದೆ. ಸೊರಗಿದ ಸೈದಪ್ಪನನ್ನು ಸಾವಕಾರರ ಕಣ್ಣೆದುರೇ ಬೀಳಿಸಿದರೆ ಚರಿಗೆ ತಾನಾಗಿಯೇ ಮರಳಿ ಬರುತ್ತದೆ.

ಹಿಂದಿನ ದಿನ ಹುಲೆಪ್ಪನ ಸೊಂಟ ಇದ್ದಕ್ಕಿದ್ದಂತೆ ವಾಸಿಯಾಯಿತು. ಪೆಟ್ಟಿಗೆಯಿಂದ ಲಂಗೋಟಿ ತೆಗೆದು ಕಟ್ಟಿ ನೋಡಿದ. ಗಂಟು ಕೂಡಲು ಒದ್ದಾಡಬೇಕಾಯಿತು. ಒಗೆದಿಟ್ಟ ಬಟ್ಟೆ ಕುಗ್ಗಿದೆ ಎಂದುಕೊಂಡ. ಬಸ್ಸಿನಲ್ಲಿ ಸೈದಪ್ಪ ಸೀಟಿನ ಅಂಚಿಗೆ ಸರಿದು ಒಂದೇ ತೊಡೆಯ ಮೇಲೆ ಕೂತ. ಹುಡುಗನಿಗೆ ಹಿರಿಯರ ಮರ್ಯಾದೆ ಗೊತ್ತಿದೆ ಎಂದುಕೊಂಡ ಹುಲೆಪ್ಪ. ದಾರಿಯುದ್ದಕ್ಕೂ ಅವನಿಗೆ ಒಂದಿಷ್ಟು ಪಾಪ ಪ್ರಜ್ಞೆಯೂ ಕಾಡಿತು. ಗೆದ್ದ ಮೇಲೆ ಸೈದಪ್ಪನಿಗೆ ತನ್ನ ಪಾಲಿನಲ್ಲಿ ನಾಲ್ಕು ಬದಾಮಿ ಕೊಡೋಣ ಎಂದು ನಿರ್ಧರಿಸಿ ಸಮಾಧಾನ ತಂದುಕೊಂಡ.

ಅಕ್ಕಲಕೋಟೆಯ ಕಣದ ಸುತ್ತ ಜನ ಕಿಕ್ಕಿರಿದಿದ್ದರು. ಹಲಗೆ ಮೊಳಗತೊಡಗಿತು. ಸಾವಕಾರರು ಮುಂದಿನ ಸಾಲಿನಲ್ಲೇ ಕೂತಿದ್ದರು. ಹುಲೆಪ್ಪ ಅವರ ಬಳಿ ಹೋಗಿ, ಸೊಂಟ ನೆಟ್ಟಗಾಗಿದೆ, ತಾನೂ ಸಾಲಿನಲ್ಲಿ ನಿಲ್ಲುತ್ತೇನೆ ಎಂದು ಕೇಳಿಕೊಂಡ. ಅವರು ಸಂತೋಷದಿಂದ ಒಪ್ಪಿದರು. ಸೈದಪ್ಪ ಆಗಲೇ ಲಂಗೋಟಿಯಲ್ಲಿ ಬಂದು ನಿಂತಿದ್ದ. ಬಿಸಿಲಿನಲ್ಲಿ ಅವನ ತೋಳು, ತೊಡೆಗಳ ಒಂದೊಂದು ಎಳೆಯೂ ಎದ್ದು ಕಾಣುತ್ತಿತ್ತು. ಹುಲೆಪ್ಪನಿಗೆ ಅದರಲ್ಲೂ ಕಂಡದ್ದು ಬಡಕಲುತನ ಮಾತ್ರ.

"ಅಣ್ಣಾ, ಅಂಗಿ ಕೊಡ್ರಿ, ನಾ ಹಿಡ್ಕೋತೀನಿ," ಎಂದ ಸೈದಪ್ಪ. ಹುಲೆಪ್ಪ ಚಾದರ ತೆಗೆದ, ಬೇಸಿಗೆಯಿಂದ ಜನರೆದುರು ಕಳಚದ ಅಂಗಿಯನ್ನು ತಲೆಯ ಮೇಲಿಂದ ಎಳೆದು ಕೊಟ್ಟ. ಹಲಗೆ ಬಾರಿಸುವವನ ಕೈ ತಪ್ಪಿತು, ಯಾರೋ ಕಿಸಕ್ಕನೆ ನಕ್ಕರು. ಪಂಚರಲ್ಲಿ ಹಿರಿಯನಾದ ನಾಗಣ್ಣ ಸೈದಪ್ಪನನ್ನು ಅವನಷ್ಟೇ ಮೈಯ ಒಬ್ಬನ ಜೊತೆ ಕೂಡಿಸಿದ. ಆಮೇಲೆ ಹುಲೆಪ್ಪನನ್ನು ಹಿಂದೆ ಮುಂದೆ ಸುತ್ತಿ ನೋಡಿ, ಕೈ ಹಿಡಿದು ಸಾಲಿನ ತುದಿಗೆ ನಡೆಸಿದ. ಅಲ್ಲಿ ತನಗೊಪ್ಪುವಷ್ಟು ದೊಡ್ಡ ಮೈ ಎಲ್ಲೂ ಸಿಗದೆ ಎಷ್ಟೋ ಊರುಗಳಿಂದ ಜೋಡಿಯಿಲ್ಲದೆ ಮರಳಿದ್ದ ನಂದೇಶ್ವರದ ಜಟ್ಟೆಪ್ಪ ನಿಂತಿದ್ದ, ಸಾಮು ಒಂದು ದಿನವೂ ತಪ್ಪಿಸದ ಆಳು. ಜಟ್ಟೆಪ್ಪನ ಮುಖ ಅರಳಿತು. ಹುಲೆಪ್ಪ ದಿಕ್ಕುಗಾಣದೆ ಸಾವಕಾರರ ಕಡೆ ತಿರುಗಿದ. ಅವರು ಸೈದಪ್ಪನ ಹೊಟ್ಟೆ ನೋಡಿದರು, ಹುಲೆಪ್ಪನ ಹೊಟ್ಟೆ ನೋಡಿದರು, ಮತ್ತೆ ಸೈದಪ್ಪನದನ್ನು ನೋಡಿದರು. "ಬದಾಮಿ ನಾ ಅವಗ ಕೊಟ್ಟಿದ್ದೆ ಹುಲೆಪ್ಪ, ಮೈಗಿ ಹತ್ತಿದ್ದು ನಿನಗ," ಎಂದು ಮೆಲ್ಲಗೆ ಹೇಳಿದರು. ಎಲ್ಲವನ್ನೂ ಯೋಚಿಸಿದ್ದ ಹುಲೆಪ್ಪ, ಕುಸ್ತಿಗೆ ಅಂಗಿ ಕಳಚಬೇಕಾಗುತ್ತದೆ ಎಂಬುದೊಂದನ್ನು ಮಾತ್ರ ಯೋಚಿಸಿರಲಿಲ್ಲ. ಅಷ್ಟರಲ್ಲಿ ಜಟ್ಟೆಪ್ಪ ಅವನ ಕೈ ಹಿಡಿದಾಗಿತ್ತು, ಮತ್ತು ಆ ಹಿಡಿತ ಬಿಡುವ ಹಿಡಿತವಾಗಿರಲಿಲ್ಲ.