ಎಡಗೆನ್ನೆಯ ಬಣ್ಣ

ನಗುವವರು ನಗಲಿ, ನಡೆದದ್ದು ಇಷ್ಟು. ನಾಟಕದ ಮೇಕಪ್ ಕಲಿಯಬೇಕೆಂದು ಹೊಸಪೇಟೆಯಿಂದ ಕಂಪ್ಲಿಗೆ, ಬಯಲಾಟದವರಿಗೆ ಬಣ್ಣ ಹಚ್ಚುವ ಹುಸೇನಪ್ಪನವರ ಮನೆಗೆ ಹೋಗಿದ್ದೆ. ಅವರ ಪದ್ಧತಿ ಮೊದಲೇ ಕೇಳಿದ್ದೆ: ಶಿಷ್ಯೆಯ ಎಡಗೆನ್ನೆಗೆ ಗುರು ಬಣ್ಣ ಹಚ್ಚುತ್ತಾರೆ, ಅದನ್ನು ನೋಡಿ ಬಲಗೆನ್ನೆಗೆ ಅವಳೇ ಹಚ್ಚಿಕೊಳ್ಳಬೇಕು.

ಸುಡು ಮಧ್ಯಾಹ್ನ. ಅವರ ಹೆಂಡತಿ ಎರ್ರೆಮ್ಮ ನನ್ನನ್ನು ಕನ್ನಡಿಯ ಮುಂದೆ ಕೂರಿಸಿ ಚಹಾ ಮಾಡಲು ಒಳಗೆ ಹೋದರು. ನಾನು ತಲೆ ಎತ್ತುವ ಮೊದಲೇ ಬೆನ್ನ ಹಿಂದಿನಿಂದ, "ಕಣ್ಣ ಮುಚ್ಚವ್ವ" ಎಂಬ ದನಿ ಬಂತು. ಗುರುಗಳೇ ಎಂದುಕೊಂಡು ಮುಚ್ಚಿದೆ. ಬೆರಳುಗಳು ಮಡಕೆಯ ನೀರಿನಷ್ಟು ತಣ್ಣಗಿದ್ದವು. ಅವು ಬಣ್ಣ ಹಚ್ಚುತ್ತಿರಲಿಲ್ಲ, ಚರ್ಮದೊಳಗೆ ತಿಕ್ಕುತ್ತಿದ್ದವು. ಅಷ್ಟು ಹತ್ತಿರವಿದ್ದರೂ ಉಸಿರು ತಾಗಲಿಲ್ಲ.

"ಕಲಿಯಾಕ ಭಾಳ ಮಂದಿ ಬಂದ್ರು. ಒಬ್ರೂ ತಮ್ಮ ಮುಖ ಇಲ್ಲಿ ಬಿಟ್ಟು ಹೋಗ್ಲಿಲ್ಲ."

ಕಣ್ಣು ತೆರೆದೆ. ಹಿಂದೆ ಯಾರೂ ಇರಲಿಲ್ಲ. ಕನ್ನಡಿಯಲ್ಲಿ ನನ್ನ ಎಡಗೆನ್ನೆ ರಕ್ಕಸಿಯ ವೇಷದ ಕಡುಗೆಂಪಾಗಿತ್ತು.

ಚಹಾ ತಂದ ಎರ್ರೆಮ್ಮ ನಿಂತಲ್ಲೇ ನಿಂತರು. "ಯಾಕವ್ವ, ನೀನ ಹಚ್ಕೊಂಡ್ಯಾ? ಅವರು ಇನ್ನಾ ಬಸ್ಸಿನ್ಯಾಗ ಅದಾರ."

ಆಮೇಲೆ ಬಂದ ಹುಸೇನಪ್ಪನವರು ನನ್ನ ಮುಖ ನೋಡಿ ಹೊಸ್ತಿಲು ದಾಟಲೇ ಇಲ್ಲ. "ಕೊಬ್ಬರಿ ಎಣ್ಣಿ ಹಚ್ಚಿ ಒರಸ್ಕೊಂಡು ಜಲ್ದಿ ಹೋಗವ್ವ. ಮತ್ತ ಬರಬ್ಯಾಡ."

ಬಣ್ಣವೇನೋ ಹೋಯಿತು. ಆದರೆ ಅಂದಿನಿಂದ ಎಂಥ ಬಳ್ಳಾರಿ ಬಿಸಿಲಿನಲ್ಲೂ ನನ್ನ ಬಲಗೆನ್ನೆ ಮಾತ್ರ ಬೆವರುತ್ತದೆ.